ಆಕಾಶದಿಂದ ಬಿದ್ದ ಬಾವುಟಕ್ಕೆ ವಯಸ್ಸೆಷ್ಟು?

ಪ್ರಶ್ನೆ: ಮಗಳ ಶಾಲೆಯ ರಸಪ್ರಶ್ನೆಯಲ್ಲಿ ‘ಪ್ರಪಂಚದ ಅತಿ ಹಳೆಯ ರಾಷ್ಟ್ರಧ್ವಜ ಯಾವುದು, ಯಾವ ವರ್ಷದ್ದು?’ ಎಂದು ಕೇಳಿದ್ದರು. ‘ಡೆನ್ಮಾರ್ಕ್, 1219’ ಎಂದು ಬರೆದಳು, ಅಂಕವೂ ಸಿಕ್ಕಿತು. ಮನೆಗೆ ಬಂದು ಹುಡುಕಿದರೆ ಒಂದೊಂದು ಕಡೆ ಒಂದೊಂದು ವರ್ಷ. 1219 ಅಂತಾರೆ, 1370ರ ಸುಮಾರು ಅಂತಾರೆ, 1748, 1854 ಅಂತಲೂ ಇದೆ. ಬಾವುಟ ಆಕಾಶದಿಂದ ಬಿತ್ತು ಅನ್ನುವ ಕಥೆ ಬೇರೆ. ಯಾವುದನ್ನು ನಂಬಬೇಕು? ಆ ಶಿಲುಬೆ ನಡುವೆ ಇರದೆ ಒಂದು ಪಕ್ಕಕ್ಕೆ ಯಾಕೆ ಸರಿದಿದೆ? ಆ ಮೊದಲ ಬಾವುಟ ಎಲ್ಲಾದರೂ ಉಳಿದಿದೆಯೇ?

ಉತ್ತರ: ಅಂಕದ ವಿಷಯ ಮೊದಲು ಮುಗಿಸಿಬಿಡೋಣ. ನಿಮ್ಮ ಮಗಳು ಬರೆದ ದೇಶದ ಹೆಸರು ಸರಿ. ವರ್ಷ ಮಾತ್ರ ಕಥೆಯಿಂದ ಕಡ ತಂದದ್ದು. ಆದರೆ ಅದು ಅವಳ ತಪ್ಪಲ್ಲ. ಪ್ರಶ್ನೆ ಕೇಳಿದವರೇ ಆ ಕಥೆಯನ್ನು ನಂಬಿದ್ದಾರೆ. ನೀವು ಹುಡುಕಿದಾಗ ಸಿಕ್ಕ ನಾಲ್ಕು ವರ್ಷಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ನಾಲ್ಕೂ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ, ಅಷ್ಟೇ.

ಕಥೆಯಿಂದಲೇ ಶುರು ಮಾಡೋಣ, ಚೆನ್ನಾಗಿದೆ. ಡೆನ್ಮಾರ್ಕಿನ ದೊರೆ ಎರಡನೆಯ ವಾಲ್ಡೆಮಾರ್ 1219ರಲ್ಲಿ ದಂಡು ಕಟ್ಟಿಕೊಂಡು ಬಾಲ್ಟಿಕ್ ಸಮುದ್ರ ದಾಟಿ ಎಸ್ಟೋನಿಯಾಕ್ಕೆ ಹೋದ. ಅಲ್ಲಿನ ಜನ ಆಗಿನ್ನೂ ಕ್ರೈಸ್ತರಾಗಿರಲಿಲ್ಲ. ಪೋಪರ ಒಪ್ಪಿಗೆ ಪಡೆದು ಹೊರಟ ಕ್ರುಸೇಡ್, ಅಂದರೆ ಕ್ರೈಸ್ತರ ಧರ್ಮಯುದ್ಧ, ಅದು. ಲಿಂಡಾನಿಸೆ ಎಂಬಲ್ಲಿ, ಅಂದರೆ ಈಗಿನ ತಾಲಿನ್ ನಗರ ಇರುವ ಕಡೆ, ಕಾಳಗ ಆಯಿತು. ಆರ್ಚ್‌ಬಿಷಪ್ ಆಂಡರ್ಸ್ ಸೂನೆಸೆನ್ ಪಕ್ಕದ ಗುಡ್ಡ ಹತ್ತಿ ಕೈಗಳನ್ನು ಮೇಲೆತ್ತಿ ಪ್ರಾರ್ಥಿಸುತ್ತಿದ್ದನಂತೆ. ಕೈ ಮೇಲಿದ್ದಷ್ಟು ಹೊತ್ತು ಡೇನರು ಗೆಲ್ಲುತ್ತಿದ್ದರಂತೆ, ಮುದುಕನಿಗೆ ಕೈ ಸೋತು ಕೆಳಗಿಳಿದರೆ ಸೋಲುತ್ತಿದ್ದರಂತೆ. ಕೊನೆಗೆ ಎಲ್ಲ ಕೈಬಿಟ್ಟಿತು ಎನ್ನುವಾಗ ಆಕಾಶದಿಂದ ಒಂದು ಕೆಂಪು ಬಟ್ಟೆ ತೇಲುತ್ತ ಬಂತು. ಅದರ ಮೇಲೆ ಬಿಳಿ ಶಿಲುಬೆ. ಅದು ನೆಲ ಮುಟ್ಟುವ ಮೊದಲೇ ಹಿಡಿದುಕೊಂಡರು, ಗೆದ್ದರು. ದಿನ ಜೂನ್ 15.

ಬೈಬಲ್ ಓದಿದವರಿಗೆ ಗುಡ್ಡದ ಭಾಗ ಕೇಳಿದ ಕೂಡಲೇ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸುತ್ತದೆ. ಮೋಶೆ ಕೈ ಎತ್ತಿದರೆ ಇಸ್ರೇಲರು ಗೆಲ್ಲುತ್ತಿದ್ದರು, ಇಳಿಸಿದರೆ ಸೋಲುತ್ತಿದ್ದರು ಎನ್ನುವ ಪ್ರಸಂಗ ಅಲ್ಲಿದೆ. ಹೆಸರು ಬದಲಾಗಿದೆ, ಗುಡ್ಡ ಬದಲಾಗಿದೆ, ಕೈ ಮಾತ್ರ ಅದೇ.

ಈಗ ಸಾಕ್ಷಿಗೆ ಬರೋಣ. ಆ ಕಾಳಗ ನಡೆದದ್ದು ನಿಜ. ಅದರ ಬಗ್ಗೆ ಅದೇ ಕಾಲದವನೊಬ್ಬ ಬರೆದಿಟ್ಟಿದ್ದಾನೆ. ಲಿವೋನಿಯಾದ ಹೆನ್ರಿ ಎಂಬ ಪಾದ್ರಿ. ಅವನು ಆ ಸೀಮೆಯಲ್ಲೇ ಓಡಾಡಿಕೊಂಡಿದ್ದವನು. ಯಾರು ಯಾರ ಮೇಲೆ ದಂಡೆತ್ತಿದರು, ಎಷ್ಟು ಜನಕ್ಕೆ ದೀಕ್ಷಾಸ್ನಾನ ಆಯಿತು ಅನ್ನುವುದನ್ನೆಲ್ಲ ಲ್ಯಾಟಿನ್ನಿನಲ್ಲಿ ಬರೆದಿಡುತ್ತಿದ್ದ. ಅವನ ಪ್ರಕಾರ ನಡೆದದ್ದು ಹೀಗೆ. ಎಸ್ಟೋನಿಯಾದ ಹಿರಿಯರು ಮೊದಲು ಶಾಂತಿ ಮಾಡಿಕೊಳ್ಳುವವರ ಹಾಗೆ ಬಂದರು. ದೊರೆ ನಂಬಿ ಉಡುಗೊರೆ ಕೊಟ್ಟ, ಬಿಷಪ್‌ಗಳು ದೀಕ್ಷಾಸ್ನಾನ ಮಾಡಿಸಿ ಕಳಿಸಿದರು. ಮೂರು ದಿನ ಆದ ಮೇಲೆ, ರಾತ್ರಿ ಊಟ ಮುಗಿದ ಹೊತ್ತಿಗೆ, ಐದು ಕಡೆಯಿಂದ ಒಟ್ಟಿಗೆ ಮುಗಿಬಿದ್ದರು. ಒಂದು ಗುಂಪು ಬಿಷಪ್ ಥಿಯೋಡರಿಕ್‌ನ ಡೇರೆಗೆ ನುಗ್ಗಿ, ಇವನೇ ದೊರೆ ಅಂದುಕೊಂಡು ಅವನನ್ನು ಕೊಂದುಹಾಕಿತು. ಡೇನರು ಚೆಲ್ಲಾಪಿಲ್ಲಿಯಾದರು. ಆಗ ಅವರ ಜೊತೆ ಬಂದಿದ್ದ ಸ್ಲಾವ್ ಅರಸ, ರ್ಯೂಗನ್ ದ್ವೀಪದ ವಿಟ್ಸ್ಲಾವ್, ತನ್ನವರನ್ನು ಕಟ್ಟಿಕೊಂಡು ತಿರುಗಿ ಬಿದ್ದ. ಅಲ್ಲಿಂದ ಕಾಳಗದ ದಿಕ್ಕೇ ಬದಲಾಯಿತು.

ಊಟದ ಹೊತ್ತು ಬರೆದಿದ್ದಾನೆ, ಯಾರ ಡೇರೆ ಎಂದು ಬರೆದಿದ್ದಾನೆ, ಸತ್ತವನ ಹೆಸರು ಬರೆದಿದ್ದಾನೆ. ಬಾವುಟದ ಮಾತೇ ಇಲ್ಲ. ಈ ಹೆನ್ರಿ ಪವಾಡ ಕಂಡರೆ ಬಿಡುವವನಲ್ಲ, ಪಾದ್ರಿ ಬೇರೆ. ಆಕಾಶದಿಂದ ಶಿಲುಬೆ ಇಳಿದು ಬಂದಿದ್ದರೆ, ಅಥವಾ ಹಾಗಂತ ಜನ ಆಗಲೇ ಹೇಳುತ್ತಿದ್ದರೆ, ಅವನು ಅದನ್ನು ಬಿಟ್ಟು ಊಟದ ಹೊತ್ತು ಬರೆಯುತ್ತಿದ್ದನೇ? ನನಗಂತೂ ಅನ್ನಿಸುವುದಿಲ್ಲ.

ಹಾಗಾದರೆ ಕಥೆ ಬಂದದ್ದು ಎಲ್ಲಿಂದ? ಬರಹದಲ್ಲಿ ಅದು ಕಾಣಿಸಿಕೊಳ್ಳುವುದು 1520ರ ದಶಕದಲ್ಲಿ. ಕಾಳಗ ಆಗಿ 300 ವರ್ಷ ಕಳೆದ ಮೇಲೆ. ಕ್ರಿಸ್ಟಿಯರ್ನ್ ಪೆಡರ್ಸನ್ ಎಂಬ ಡೇನಿಷ್ ಲೇಖಕ ಇದನ್ನು ಬರೆದ. ಸುಮಾರು ಅದೇ ಹೊತ್ತಿಗೆ ಪೇತ್ರುಸ್ ಓಲಾಯಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಯೂ ಬರೆದ. ತಮಾಷೆ ಏನೆಂದರೆ ಪೇತ್ರುಸ್ ಓಲಾಯಿಯಲ್ಲಿ ಈ ಘಟನೆ 1208ರಲ್ಲಿ, ಫೆಲಿನ್ ಎಂಬ ಬೇರೆಯೇ ಜಾಗದಲ್ಲಿ ನಡೆಯುತ್ತದೆ. 1219ರ ಮಾತೂ ಅವನಲ್ಲೇ ಬರುತ್ತದೆ. ಇಬ್ಬರೂ ಇನ್ನೂ ಹಳೆಯ, ಈಗ ಕಳೆದುಹೋಗಿರುವ ಯಾವುದೋ ಬರಹವನ್ನು ನೋಡಿ ಬರೆದಿರಬೇಕು ಎನ್ನುವುದು ಇತಿಹಾಸಕಾರರ ಊಹೆ. ಅದು ಇದ್ದಿರಬಹುದು. ಆದರೂ ಜಾಗ, ವರ್ಷ ಎರಡೂ ಅಲ್ಲಾಡುತ್ತಿದ್ದ ಕಥೆಯನ್ನು ಹಿಡಿದು ಬಾವುಟಕ್ಕೆ ಜನ್ಮದಿನ ಬರೆಯುವುದು ಕಷ್ಟ. 1219 ಗೆದ್ದದ್ದು ಯಾಕೆಂದರೆ ಅದರ ಜೊತೆ ಒಂದು ದೊಡ್ಡ ಗೆಲುವಿದೆ, ಒಬ್ಬ ದೊಡ್ಡ ದೊರೆಯಿದ್ದಾನೆ.

ಮಧ್ಯಯುಗದ ಆಕಾಶ ಈ ವಿಷಯದಲ್ಲಿ ಭಾರಿ ಧಾರಾಳಿ. ರೋಮಿನ ಕಾನ್‌ಸ್ಟಂಟೈನ್‌ಗೆ 312ರ ಕಾಳಗದ ಹೊತ್ತಿಗೆ ಆಕಾಶದಲ್ಲಿ ಶಿಲುಬೆ ಕಂಡಿತಂತೆ. ಪೋರ್ಚುಗಲ್ಲಿನ ಮೊದಲ ದೊರೆಗೆ 1139ರಲ್ಲಿ ಔರೀಕ್ ಕಾಳಗದ ಮುಂಚೆ ಕ್ರಿಸ್ತನೇ ಕಂಡನಂತೆ. ಸ್ಕಾಟ್ಲೆಂಡಿನ ಅಥೆಲ್‌ಸ್ಟನ್‌ಫೋರ್ಡ್ ಎಂಬಲ್ಲಿ 832ರಲ್ಲಿ ನೀಲಿ ಆಕಾಶದ ಮೇಲೆ ಬಿಳಿ ಮೋಡಗಳು ಓರೆ ಶಿಲುಬೆಯ ಆಕಾರದಲ್ಲಿ ನಿಂತವಂತೆ, ಅದೇ ಅವರ ಬಾವುಟ ಆಯಿತಂತೆ. ಅಂತೆಕಂತೆಯಲ್ಲಿ ಡೇನರು ಒಂದು ಹೆಜ್ಜೆ ಮುಂದೆ. ಉಳಿದವರಿಗೆಲ್ಲ ಬರೀ ಗುರುತು ಕಂಡಿತು, ಇವರ ಕೈಗೆ ಬಟ್ಟೆಯೇ ಬಂತು.

ಕಥೆ ಪಕ್ಕಕ್ಕಿಟ್ಟರೆ, ಕೆಂಪಿನ ಮೇಲೆ ಬಿಳಿ ಶಿಲುಬೆ ಬಂದದ್ದು ಹೇಗೆ? ಕ್ರುಸೇಡ್ ಕಾಲದಲ್ಲಿ ಶಿಲುಬೆಯ ಬಣ್ಣ ಒಂದು ರೀತಿ ಗುರುತಿನ ಚೀಟಿ ಇದ್ದ ಹಾಗೆ. 1188ರಲ್ಲಿ ಝಿಸೋರ್ ಎಂಬಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡಿನ ದೊರೆಗಳು ಸೇರಿದಾಗ ಒಂದು ಒಪ್ಪಂದ ಆಯಿತು. ಫ್ರಾನ್ಸಿನವರು ಕೆಂಪು ಶಿಲುಬೆ ತೊಡುವುದು, ಇಂಗ್ಲೆಂಡಿನವರು ಬಿಳಿ, ಫ್ಲಾಂಡರ್ಸ್‌ನವರು ಹಸಿರು. ಗದ್ದಲದಲ್ಲಿ ನಮ್ಮವರು ಯಾರು, ಪರರು ಯಾರು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಕೆಂಪಿನ ಮೇಲಿನ ಬಿಳಿ ಶಿಲುಬೆಯನ್ನು ಸಂತ ಜಾನ್ ಪಂಥದ ಯೋಧ ಸನ್ಯಾಸಿಗಳೂ ಬಳಸುತ್ತಿದ್ದರು. ಪವಿತ್ರ ರೋಮನ್ ಸಾಮ್ರಾಜ್ಯದ ಯುದ್ಧದ ಬಾವುಟವೂ ಅಂಥದ್ದೇ ಇತ್ತು. ಪೋಪರೇ ಕ್ರುಸೇಡಿಗೆ ಹೊರಟ ದೊರೆಗೆ ಬಾವುಟ ಕಳಿಸಿದ್ದರು ಎನ್ನುವವರಿದ್ದಾರೆ. ಸನ್ಯಾಸಿ ಯೋಧರಿಂದ ಬಂತು ಎನ್ನುವವರಿದ್ದಾರೆ. ಯಾವುದಕ್ಕೂ ಗಟ್ಟಿ ಕಾಗದ ಇಲ್ಲ. ಯಾರೋ ಒಬ್ಬರು ಕುಳಿತು ಈ ಬಾವುಟವನ್ನು ಕಂಡುಹಿಡಿದರು ಎಂದುಕೊಳ್ಳಬೇಡಿ. ಆ ಕಾಲದಲ್ಲಿ ಗಾಳಿಯಲ್ಲಿ ಹಾರಾಡುತ್ತಿದ್ದ ಹತ್ತಾರು ಶಿಲುಬೆ ಬಾವುಟಗಳಲ್ಲಿ ಇದೂ ಒಂದು. ಅದು ಡೆನ್ಮಾರ್ಕಿಗೆ ಅಂಟಿಕೊಂಡಿತು, ಬಿಡಲಿಲ್ಲ.

ಅಂಟಿಕೊಂಡದ್ದು ಯಾವಾಗ ಎನ್ನುವುದಕ್ಕೆ ಮಾತ್ರ ಕೈಗೆ ಸಿಗುವ ಸಾಕ್ಷಿ ಇದೆ. ನಿಮ್ಮ ಪಟ್ಟಿಯ 1370 ಇಲ್ಲಿ ಬರುತ್ತದೆ. ಯೂರೋಪಿನ ದೊರೆಗಳ, ಪಾಳೆಯಗಾರರ ಲಾಂಛನಗಳನ್ನೆಲ್ಲ ಬಣ್ಣದಲ್ಲಿ ಬಿಡಿಸಿಟ್ಟ ಒಂದು ಹಸ್ತಪ್ರತಿ ಇದೆ, ಗೆಲ್ರೆ ಲಾಂಛನ ಪುಸ್ತಕ ಅನ್ನುತ್ತಾರೆ. ಈಗ ಬ್ರಸೆಲ್ಸ್‌ನ ರಾಜ ಗ್ರಂಥಾಲಯದಲ್ಲಿದೆ. ಅದನ್ನು ಮಾಡಿದವನು ಕ್ಲಾಸ್ ಹೇನೆನ್‌ಝೋನ್ ಎಂಬ ಹೆರಾಲ್ಡ್. ಹೆರಾಲ್ಡ್ ಅಂದರೆ ಯಾರ ಗುರಾಣಿ ಮೇಲೆ ಯಾವ ಚಿತ್ರ, ಯಾರ ಬಾವುಟ ಯಾವುದು ಎಂದು ಬಲ್ಲ ಅಧಿಕಾರಿ. ಅದೇ ಅವನ ಹೊಟ್ಟೆಪಾಡು, ಹಾಗಾಗಿ ಮಾತಿಗೆ ಬೆಲೆಯಿದೆ. ಕೆಲಸ ಸುಮಾರು 1370ಕ್ಕೆ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಅದರಲ್ಲಿ ಡೆನ್ಮಾರ್ಕ್ ದೊರೆಯ ಮೂರು ಸಿಂಹಗಳ ಲಾಂಛನ ಇದೆ. ಅದರ ಪಕ್ಕದಲ್ಲೇ ಈಟಿಗೆ ಕಟ್ಟಿದ ಕೆಂಪು ಬಾವುಟ, ಮೇಲೆ ಬಿಳಿ ಶಿಲುಬೆ. ಈ ಬಾವುಟ ಡೆನ್ಮಾರ್ಕಿನದು ಎಂದು ಅನುಮಾನ ಇಲ್ಲದೆ ತೋರಿಸುವ ಮೊದಲ ಬಣ್ಣದ ಚಿತ್ರ ಇದೇ.

ಆಮೇಲೆ ಸುಳಿವುಗಳು ಒಂದೊಂದೇ ಸಿಗುತ್ತವೆ. 1397ರಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರೂ ಒಬ್ಬನೇ ದೊರೆಯ ಕೆಳಗೆ ಬಂದವು. ಆ ದೊರೆ ಪೊಮೆರೇನಿಯಾದ ಎರಿಕ್. ಅವನ 1398ರ ಮುದ್ರೆಯಲ್ಲಿ ರಾಜ್ಯಗಳ ಲಾಂಛನಗಳ ನಡುವೆ ಒಂದು ಶಿಲುಬೆ ಹಾದುಹೋಗುತ್ತದೆ. ಬಾವುಟದ ಹೆಸರು ಡ್ಯಾನೆಬ್ರೋ. ಡೇನರ ಬಟ್ಟೆ ಅನ್ನುವ ಅರ್ಥ. ಬರೆಯುವಾಗ ಕೊನೆಗೆ ‘ಗ್’ ಅಕ್ಷರ ಇದೆ, ಮಾತಿನಲ್ಲಿ ಕೇಳಿಸುವುದಿಲ್ಲ. ಈ ಹೆಸರು ಡೇನಿಷ್ ಬರಹದಲ್ಲಿ 1478ಕ್ಕೆ ಸಿಗುತ್ತದೆ.

ಅಂದರೆ ಈ ಗುರುತು ಡೆನ್ಮಾರ್ಕಿನ ದೊರೆಯದು ಎಂದು ಹದಿನಾಲ್ಕನೆಯ ಶತಮಾನದಿಂದ ಧೈರ್ಯವಾಗಿ ಹೇಳಬಹುದು. ‘ದೊರೆಯದು’ ಎನ್ನುವ ಮಾತನ್ನು ಗಮನಿಸಿ. ಇಲ್ಲಿಯೇ ಜಾಸ್ತಿ ಜನ ಎಡವುವುದು. ರಾಷ್ಟ್ರಧ್ವಜ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಎಲ್ಲರಿಗೂ ಸೇರಿದ ಒಂದು ಬಾವುಟ. ಹದಿನಾಲ್ಕನೆಯ ಶತಮಾನದಲ್ಲಿ ಅಂಥ ಯೋಚನೆಯೇ ಇರಲಿಲ್ಲ. ಬಾವುಟ ದೊರೆಯ ಆಸ್ತಿ. ಅವನ ಕಿರೀಟ, ಅವನ ಮುದ್ರೆ ಇದ್ದ ಹಾಗೆ. ಹೊಲ ಉಳುವ ಡೇನ್ ಒಬ್ಬ ‘ಇದು ನನ್ನ ಬಾವುಟ’ ಎಂದು ಹೇಳಿದ್ದರೆ ನೋಡಿದವರು ಅವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು.

ದೊರೆಯಿಂದ ಜನರ ಕೈಗೆ ಬರುವ ದಾರಿಯಲ್ಲಿ ನಡುವೆ ಒಂದು ನಿಲ್ದಾಣ ಇದೆ. ಸಮುದ್ರ. ಡೆನ್ಮಾರ್ಕ್ ಮಾತ್ರ ಅಲ್ಲ, ಹಳೆಯ ಬಾವುಟಗಳಲ್ಲಿ ಬಹಳಷ್ಟು ಹಡಗಿನ ಮೇಲೆಯೇ ದೊಡ್ಡವಾದವು. ದೂರದಲ್ಲಿ ಒಂದು ಹಡಗು ಕಂಡರೆ ಅದು ಯಾರದು, ಸುಂಕ ಕೊಡುವುದೋ ಇಲ್ಲವೋ, ಗುಂಡು ಹಾರಿಸಬೇಕೋ ಬೇಡವೋ ಎಂದು ತಿಳಿಯಬೇಕಾಗುತ್ತದೆ. ಹಾಗಾಗಿ ನೆಲದ ಮೇಲೆ ಬಾವುಟ ಹೇಗಿದ್ದರೂ ನಡೆಯುತ್ತದೆ, ಹಡಗಿನ ಮೇಲೆ ನಡೆಯುವುದಿಲ್ಲ. ಅಲ್ಲಿ ಅಳತೆ, ಬಣ್ಣ ಎಲ್ಲ ಖಚಿತವಾಗಿ ಇರಬೇಕು.

ನಿಮ್ಮ 1748 ಈ ಲೆಕ್ಕದ್ದು. ಆ ವರ್ಷ ವ್ಯಾಪಾರಿ ಹಡಗುಗಳ ಬಾವುಟಕ್ಕೆ ಅಳತೆ ಗೊತ್ತು ಮಾಡಿದರು. ಎತ್ತರದ ಲೆಕ್ಕದಲ್ಲಿ ಕೆಂಪು 3 ಪಾಲು, ಬಿಳಿ 1 ಪಾಲು, ಮತ್ತೆ ಕೆಂಪು 3 ಪಾಲು. ಉದ್ದದ ಲೆಕ್ಕದಲ್ಲಿ ಕಂಬದ ಕಡೆ ಕೆಂಪು 3, ಬಿಳಿ 1, ಆಚೆ ತುದಿಯ ಕಡೆ ಕೆಂಪು 4.5 ಪಾಲು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಈ ಅಂಕಿಯಲ್ಲೇ ಇದೆ. ಕಂಬದ ಕಡೆಯ ಎರಡು ಕೆಂಪು ತುಂಡುಗಳು ಸರಿಯಾದ ಚೌಕ. ಆಚೆ ಕಡೆಯ ಎರಡು ತುಂಡುಗಳು ಅದರ ಒಂದೂವರೆಯಷ್ಟು ಉದ್ದ. ಶಿಲುಬೆ ಸರಿದದ್ದಕ್ಕಿಂತ ಬಟ್ಟೆ ಒಂದು ಕಡೆಗೆ ಬೆಳೆಯಿತು ಅನ್ನಬಹುದು. ಹಡಗಿನ ಬಾವುಟ ಗಾಳಿಗೆ ಉದ್ದವಾಗಿ ಹಾರಬೇಕು. ಅದರ ಆಚೆ ತುದಿ ಸದಾ ಮಡಚಿ ಅಲೆ ಅಲೆಯಾಗಿರುತ್ತದೆ, ಕಂಬದ ಕಡೆಯ ಭಾಗವೇ ಬಿಡಿಸಿಕೊಂಡು ಚೆನ್ನಾಗಿ ಕಾಣುವುದು. ಶಿಲುಬೆ ಅಲ್ಲಿದ್ದರೆ ಕಣ್ಣಿಗೆ ಹಿತ. ಇದೇ ಕಾರಣಕ್ಕೆ ಹಾಗೆ ಮಾಡಿದರು ಎಂದು ಆಣೆ ಇಟ್ಟು ಹೇಳಲಾರೆ. ಆದರೆ ಗಾಳಿ ಬೀಸುವ ದಿನ ಒಂದು ಉದ್ದನೆಯ ಬಾವುಟವನ್ನು ಐದು ನಿಮಿಷ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಈಗ ಇನ್ನೂ ಸ್ವಲ್ಪ ಉದ್ದದ, ಎತ್ತರ 28 ಪಾಲಿದ್ದರೆ ಉದ್ದ 37 ಪಾಲು ಇರುವಂಥದ್ದೂ ನಡೆಯುತ್ತದೆ.

ಹಡಗಿನಿಂದಲೇ ಬಂದ ಇನ್ನೊಂದು ವಿಷಯ ಇದೆ. ಡೆನ್ಮಾರ್ಕಿನಲ್ಲಿ ಎರಡು ರೂಪದ ಬಾವುಟ ಇದೆ. ನೀವು ನಾವು ನೋಡುವ ಆಯತದ್ದು ಒಂದು. ತುದಿ ಸೀಳಿ ಕವಲುತೋಕೆ ಹಕ್ಕಿಯ ಬಾಲದ ಹಾಗೆ ಇರುವುದು ಇನ್ನೊಂದು. ಸೀಳು ಬಾವುಟ ಸರ್ಕಾರದ್ದು, ಅರಮನೆಯದು, ನೌಕಾಪಡೆಯದು. ನೌಕಾಪಡೆಯ ಕೆಂಪು ಸ್ವಲ್ಪ ಗಾಢ. ಸಾಮಾನ್ಯ ಜನ ಸೀಳು ಬಾವುಟ ಹಾರಿಸುವ ಹಾಗಿಲ್ಲ, ಇವತ್ತಿಗೂ. ಬಾವುಟ ಒಂದು ಕಾಲಕ್ಕೆ ದೊರೆಯದಾಗಿತ್ತು ಎನ್ನುವ ನೆನಪು ಆ ಸೀಳಿನಲ್ಲಿ ಉಳಿದುಕೊಂಡಿದೆ.

ಈಗ 1854ಕ್ಕೆ ಬರೋಣ. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಇದು, ಆಕಾಶದ ಭಾಗಕ್ಕಿಂತಲೂ.

ಹತ್ತೊಂಬತ್ತನೆಯ ಶತಮಾನದ ಶುರುವಿಗೆ ಜನ ಮನೆ ಮುಂದೆ, ತೋಟದಲ್ಲಿ ಬಾವುಟ ಏರಿಸಲು ಶುರು ಮಾಡಿದ್ದರು. ಆಗ ಡೆನ್ಮಾರ್ಕಿನಲ್ಲಿ ದೊರೆಯ ಮಾತೇ ಕಾನೂನು. 1834ರಲ್ಲಿ ಆಜ್ಞೆ ಬಂತು: ಖಾಸಗಿ ಜನ ಬಾವುಟ ಹಾರಿಸಕೂಡದು. ಪ್ರಪಂಚದ ಅತಿ ಹಳೆಯ ರಾಷ್ಟ್ರಧ್ವಜ ಎಂದು ಹಾಡಿ ಹೊಗಳುವ ಇದೇ ಬಾವುಟವನ್ನು ಅದೇ ದೇಶದ ಜನ ಹಾರಿಸಿದರೆ ತಪ್ಪು ಎನ್ನುವ ಕಾಲ ಅದು! ಆಮೇಲೆ 1848ರಲ್ಲಿ, ಡೆನ್ಮಾರ್ಕ್ ಮತ್ತು ಜರ್ಮನ್ ನಾಡುಗಳ ನಡುವಿನ ಶ್ಲೆಸ್ವಿಗ್ ಸೀಮೆಗಾಗಿ ಯುದ್ಧ ಶುರುವಾಯಿತು. ಅದು 1850ರವರೆಗೆ ನಡೆಯಿತು. ನಡುವೆ 1849ರ ಜೂನ್ 5ರಂದು ಸಂವಿಧಾನ ಬಂತು, ದೊರೆಯ ಪೂರ್ತಿ ಅಧಿಕಾರ ಮುಗಿಯಿತು. ಯುದ್ಧಕ್ಕೆ ಹೋದ ಸೈನಿಕರ ಜೊತೆ ಬಾವುಟವೂ ಹೋಯಿತು. ಅವರು ಮರಳಿ ಬಂದಾಗ ಊರೂರಲ್ಲಿ ಜನ ಅದನ್ನೇ ಬೀಸಿ ಬರಮಾಡಿಕೊಂಡರು. ಅಷ್ಟೊತ್ತಿಗೆ ಆಜ್ಞೆ ಬರೀ ಕಾಗದದ ಮೇಲೆ ಉಳಿದಿತ್ತು. 1854ರಲ್ಲಿ ಸರ್ಕಾರ ಅದನ್ನು ಸಡಿಲಿಸಿತು. ಆಯತದ ಬಾವುಟವನ್ನು ಯಾರು ಬೇಕಾದರೂ ಹಾರಿಸಬಹುದು ಎಂದಿತು. ಇದನ್ನೇ ಲೆಕ್ಕ ಹಿಡಿದು ಕೆಲವರು ‘ರಾಷ್ಟ್ರಧ್ವಜ’ದ ವಯಸ್ಸು 1854ರಿಂದ ಎಣಿಸುತ್ತಾರೆ. ಅವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಹತ್ತು ವರ್ಷ ಕಳೆಯುವುದರಲ್ಲಿ, 1864ರಲ್ಲಿ, ಪ್ರಷ್ಯಾ ಮತ್ತು ಆಸ್ಟ್ರಿಯಾ ಎದುರು ಡೆನ್ಮಾರ್ಕ್ ಸೋತಿತು. ಶ್ಲೆಸ್ವಿಗ್ ಕೈತಪ್ಪಿತು. ಅಲ್ಲಿ ಉಳಿದ ಡೇನರು ಐವತ್ತಕ್ಕೂ ಹೆಚ್ಚು ವರ್ಷ ಪರರ ಆಳ್ವಿಕೆಯಲ್ಲಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಜನಮತ ನಡೆದು, ಉತ್ತರದ ಅರ್ಧ ಸೀಮೆ 1920ರಲ್ಲಿ ಮರಳಿ ಬಂತು. ಜುಲೈ 10ರಂದು ದೊರೆ ಹತ್ತನೆಯ ಕ್ರಿಶ್ಚಿಯನ್ ಬಿಳಿ ಕುದುರೆ ಏರಿ ಹಳೆಯ ಗಡಿ ದಾಟಿ ಒಳಗೆ ಹೋದ. ದಾರಿಯುದ್ದಕ್ಕೂ ಕೆಂಪು ಬಿಳಿ ಬಾವುಟಗಳು. ಇವತ್ತಿಗೂ ಜೂನ್ 15 ಬಂದರೆ ಡೇನರು ವಾಲ್ಡೆಮಾರ್‌ನನ್ನೂ ನೆನೆಯುತ್ತಾರೆ, ಈ ಮರುಸೇರ್ಪಡೆಯನ್ನೂ ನೆನೆಯುತ್ತಾರೆ. ಎರಡೂ ಒಂದೇ ದಿನದ ಲೆಕ್ಕಕ್ಕೆ ಬಂದಿವೆ.

ಇಷ್ಟೆಲ್ಲ ಆದ ಮೇಲೂ ‘ಅತಿ ಹಳೆಯದು’ ಎನ್ನುವ ಪಟ್ಟ ಡೆನ್ಮಾರ್ಕಿಗೆ ಯಾಕೆ? ಪೈಪೋಟಿಗೆ ನಿಲ್ಲುವವರನ್ನು ನೋಡಿ. ಸ್ಕಾಟ್ಲೆಂಡಿನ ಸಂತ ಆಂಡ್ರೂ ಶಿಲುಬೆ ಹಳೆಯದೇ. 1286ರ ಮುದ್ರೆಯಲ್ಲಿ ಕಾಣುತ್ತದೆ. 1385ರಲ್ಲಿ ಅಲ್ಲಿನ ಸಂಸತ್ತು ಸೈನಿಕರು ಈ ಬಿಳಿ ಶಿಲುಬೆ ತೊಡಬೇಕು ಎಂದು ಕಟ್ಟಳೆ ಮಾಡಿತು. ಆದರೆ ಸ್ಕಾಟ್ಲೆಂಡ್ ಈಗ ಸ್ವತಂತ್ರ ದೇಶವಲ್ಲ ಎಂದು ಪಟ್ಟಿಯಿಂದ ಹೊರಗಿಡುತ್ತಾರೆ. ಸ್ಕಾಟರಿಗೆ ಇದನ್ನು ಹೇಳಿ ನೋಡಿ, ಜಗಳವೇ ಆಗುತ್ತದೆ. ಆಸ್ಟ್ರಿಯಾದ ಕೆಂಪು ಬಿಳಿ ಕೆಂಪು 1230ರ ಮುದ್ರೆಯಲ್ಲೇ ಇದೆ. ಅದು ಗೆಲ್ರೆ ಪುಸ್ತಕಕ್ಕಿಂತ ಹಳೆಯದು! ಆದರೆ ಅದು ಗುರಾಣಿಯ ಲಾಂಛನ. ದೇಶದ ಬಾವುಟ ಆದದ್ದು 1918ರಲ್ಲಿ ಗಣರಾಜ್ಯ ಬಂದ ಮೇಲೆ. 1938ರಿಂದ 1945ರವರೆಗೆ ಆಸ್ಟ್ರಿಯಾ ಎಂಬ ದೇಶವೇ ಇರಲಿಲ್ಲ. ಹಾಗಾಗಿ ಎಳೆ ನಡುವೆ ಕಡಿದಿದೆ. ನೆದರ್ಲೆಂಡ್ಸ್‌ನ ಮೂರು ಪಟ್ಟೆಗೆ ಬೇರು 1572ರ ಸುಮಾರಿನ ದಂಗೆಯಲ್ಲಿದೆ, ಆದರೆ ಅಲ್ಲಿ ಮೇಲಿನ ಕಿತ್ತಳೆ ಬಣ್ಣ ಕೆಂಪಾಯಿತು. ಬ್ರಿಟನ್ನಿನದು 1606ರದು, ಅದಕ್ಕೂ 1801ರಲ್ಲಿ ಇನ್ನೊಂದು ಶಿಲುಬೆ ಸೇರಿತು. ಜಪಾನಿನ ಸೂರ್ಯನ ಬಾವುಟವನ್ನು 1870ರಲ್ಲಿ ಹಡಗುಗಳಿಗೆ ಗೊತ್ತು ಮಾಡಿದರು. ರಾಷ್ಟ್ರಧ್ವಜ ಎಂದು ಕಾನೂನು ಬಂದದ್ದು 1999ರಲ್ಲಿ. ಬರೀ ಕಾನೂನನ್ನೇ ನಂಬಿದರೆ ಜಪಾನಿನ ಬಾವುಟ ನಿಮ್ಮ ಮಗಳಿಗಿಂತ ಸ್ವಲ್ಪವೇ ಹಿರಿಯದು ಎಂದಾಗುತ್ತದೆ, ಅಲ್ವಾ?

ಇವರೆಲ್ಲರ ನಡುವೆ ಡೆನ್ಮಾರ್ಕಿನ ಬಲ ಇರುವುದು ಮೂರು ಮಾತು ಒಟ್ಟಿಗೆ ಸೇರುವುದರಲ್ಲಿ. ಅದೇ ವಿನ್ಯಾಸ, ಅದೇ ದೇಶ, ನಡುವೆ ಕಡಿಯದ ಬಳಕೆ. ಜರ್ಮನಿ 1940ರ ಏಪ್ರಿಲ್ 9ರಂದು ನುಗ್ಗಿದಾಗಲೂ ಡೇನಿಷ್ ರಾಜ್ಯ ಕಾಗದದ ಮೇಲಾದರೂ ಮುಂದುವರಿಯಿತು, ಬಾವುಟ ಬದಲಾಗಲಿಲ್ಲ. ರಸಪ್ರಶ್ನೆಯಲ್ಲಿ ಮತ್ತೆ ಕೇಳಿದರೆ ಮಗಳು ‘ಡೆನ್ಮಾರ್ಕ್, ಹದಿನಾಲ್ಕನೆಯ ಶತಮಾನದಿಂದ ಸಾಕ್ಷಿ ಇದೆ’ ಎಂದು ಬರೆಯಲಿ. ಅಂಕ ಹೋದರೆ ಹೋಗಲಿ ಎನ್ನುವ ಧೈರ್ಯ ಇದ್ದರೆ ಮಾತ್ರ. ಇಲ್ಲವಾದರೆ 1219 ಅಂತಲೇ ಬರೆದು, ಮುಂದೆ ‘ಕಥೆಯ ಪ್ರಕಾರ’ ಎಂದು ಸೇರಿಸಲಿ.

ಪಕ್ಕಕ್ಕೆ ಸರಿದ ಶಿಲುಬೆ ಮುಂದೆ ಒಂದು ಮನೆತನವನ್ನೇ ಕಟ್ಟಿತು. 1523ರಲ್ಲಿ ಬೇರೆಯಾದ ಸ್ವೀಡನ್ ನೀಲಿಯ ಮೇಲೆ ಹಳದಿ ಶಿಲುಬೆ ಇಟ್ಟುಕೊಂಡಿತು. 1814ರಲ್ಲಿ ಡೆನ್ಮಾರ್ಕಿನಿಂದ ಬಿಡಿಸಿಕೊಂಡ ನಾರ್ವೆ 1821ರಲ್ಲಿ ಮಾಡಿದ ಬಾವುಟ ನೋಡಿ, ಡೇನಿಷ್ ಬಾವುಟದ ಬಿಳಿ ಶಿಲುಬೆಯೊಳಗೆ ನೀಲಿ ಶಿಲುಬೆ ತೂರಿಸಿದ ಹಾಗಿದೆ. ಫಿನ್ಲೆಂಡ್, ಐಸ್ಲೆಂಡ್, ಫ್ಯಾರೋ ದ್ವೀಪಗಳು ಎಲ್ಲ ಇದೇ ಸಾಲು. ಗ್ರೀನ್ಲೆಂಡ್ ಮಾತ್ರ 1985ರಲ್ಲಿ ಅದೇ ಕೆಂಪು ಬಿಳಿ ಬಣ್ಣ ಉಳಿಸಿಕೊಂಡು, ಶಿಲುಬೆ ಬಿಟ್ಟು ದುಂಡು ಸೂರ್ಯನನ್ನು ಆರಿಸಿಕೊಂಡಿತು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಡೇನರು ಈ ಬಾವುಟವನ್ನು ಹುಟ್ಟುಹಬ್ಬದ ಕೇಕಿಗೆ ಚುಚ್ಚುತ್ತಾರೆ, ಕ್ರಿಸ್ಮಸ್ ಮರಕ್ಕೆ ಸರ ಮಾಡಿ ಹಾಕುತ್ತಾರೆ, ವಿಮಾನ ನಿಲ್ದಾಣಕ್ಕೆ ನೆಂಟರನ್ನು ಕರೆತರಲು ಹೋದಾಗ ಕೈಯಲ್ಲಿ ಹಿಡಿದು ಬೀಸುತ್ತಾರೆ. 1834ರ ಆಜ್ಞೆ ಬರೆದವರು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಬೇರೆ ದೇಶದ ಬಾವುಟ ಕಂಬಕ್ಕೆ ಏರಿಸುವ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಹಳೆಯ ನಿಷೇಧಕ್ಕೆ ಸರಿಯಾದ ಕಾನೂನಿನ ಆಧಾರವಿಲ್ಲ ಎಂದು 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಹೊಸ ಕಾನೂನೇ ಮಾಡಿದರು. ಅದು 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಕೊನೆಗೆ ನಿಮ್ಮ ಮೂರನೆಯ ಪ್ರಶ್ನೆ. ಮೊದಲ ಬಟ್ಟೆ ಎಲ್ಲಿ? ಆಕಾಶದಿಂದ ಬಿದ್ದದ್ದು ಇದೇ ಎಂದು ಹದಿನಾರನೆಯ ಶತಮಾನದವರು ನಂಬಿದ್ದ ಒಂದು ಬಾವುಟ ನಿಜವಾಗಿ ಇತ್ತು. 1500ರ ಫೆಬ್ರುವರಿ 17ರಂದು ದೊರೆ ಹಾನ್ಸ್ ದಿತ್ಮಾರ್ಷನ್ ಎಂಬ ಸೀಮೆಯ ರೈತರ ಮೇಲೆ ದಂಡೆತ್ತಿ ಹೋದ. ಜೊತೆಗೆ ಬಾಡಿಗೆ ಸೈನಿಕರ ದೊಡ್ಡ ಪಡೆ. ಅದು ಸಮುದ್ರಕ್ಕಿಂತ ತಗ್ಗಿನ, ಒಡ್ಡು ಕಟ್ಟಿ ಉಳಿಸಿಕೊಂಡ ನೆಲ. ಹೆಮಿಂಗ್‌ಸ್ಟೆಟ್ ಹತ್ತಿರ ರೈತರು ತೂಬು ತೆರೆದು ನೀರು ಬಿಟ್ಟರು. ಕುದುರೆ, ತೋಪು, ಕವಚ ತೊಟ್ಟವರು ಎಲ್ಲ ಕೆಸರಲ್ಲಿ ಹೂತುಹೋದರು. ದೊರೆ ಜೀವ ಉಳಿಸಿಕೊಂಡ, ಬಾವುಟ ರೈತರ ಪಾಲಾಯಿತು. ಎರಡನೆಯ ಫ್ರೆಡರಿಕ್ 1559ರಲ್ಲಿ ಆ ಸೀಮೆ ಗೆದ್ದು ಅದನ್ನು ಮರಳಿ ಪಡೆದ. ಶ್ಲೆಸ್ವಿಗ್‌ನ ಕೆಥೆಡ್ರಲ್‌ನಲ್ಲಿ ಅದನ್ನು ತೂಗುಹಾಕಿದರು. ಅಲ್ಲೇ ನೂಲು ನೂಲಾಗಿ ಉದುರಿ, ಹದಿನೇಳನೆಯ ಶತಮಾನದಲ್ಲಿ ಕಣ್ಮರೆಯಾಯಿತು.

ಇನ್ನೊಂದು ಹಳೆಯ ಡೇನಿಷ್ ಬಾವುಟ ಇತ್ತು. ಎರಿಕ್ ದೊರೆಯ ಕಾಲದ್ದು, 1427ರಲ್ಲಿ ಲ್ಯೂಬೆಕ್ ನಗರದವರು ಕಿತ್ತುಕೊಂಡು ಹೋಗಿ ತಮ್ಮ ಸಂತ ಮೇರಿ ಚರ್ಚಿನಲ್ಲಿ ಇಟ್ಟುಕೊಂಡಿದ್ದರು. ಐನೂರು ವರ್ಷ ಅಲ್ಲೇ ಇತ್ತು. ಎರಡನೆಯ ಮಹಾಯುದ್ಧದಲ್ಲಿ ನಾಶವಾಯಿತು. ಅದಕ್ಕೂ ಮೊದಲೇ ಯಾರೋ ಜಾಣರು ಅದರ ನಕಲು ಮಾಡಿಸಿದ್ದರು. ಆ ನಕಲು ಡೆನ್ಮಾರ್ಕಿನ ಫ್ರೆಡರಿಕ್ಸ್‌ಬೋರ್ಗ್ ಅರಮನೆಯ ಮ್ಯೂಸಿಯಂನಲ್ಲಿದೆ. ಮಗಳನ್ನು ಎಂದಾದರೂ ಕರೆದುಕೊಂಡು ಹೋದರೆ ಅಲ್ಲಿ ನೋಡಬಹುದು. ಬಾವುಟ ಬಿದ್ದ ಜಾಗವನ್ನೇ ನೋಡಬೇಕು ಎಂದು ಅವಳು ಹಠ ಹಿಡಿದರೆ ತಾಲಿನ್‌ಗೆ ಹೋಗಬೇಕು. ಅಲ್ಲಿ ಕೋಟೆಗೋಡೆಯ ಪಕ್ಕ ಡೇನಿಷ್ ದೊರೆಯ ತೋಟ ಎಂದೇ ಒಂದು ತೋಟ ಇದೆ. ಡೇನರು ಆ ಸೀಮೆಯನ್ನು 1346ರಲ್ಲೇ ಟ್ಯೂಟಾನಿಕ್ ಯೋಧ ಸನ್ಯಾಸಿಗಳಿಗೆ 19,000 ಮಾರ್ಕ್ ಬೆಳ್ಳಿಗೆ ಮಾರಿಬಿಟ್ಟರು. ಬಾವುಟದ ಕಥೆಯನ್ನು ಮಾತ್ರ ಮಾರಲಿಲ್ಲ.